ಸಾಕ್ಷಿ ಆಗುತ್ತೆ ಅಂದ್ರೆ ಸರಿ ಅಂತಲ್ಲ: ಸಂಗಾತಿಯ ಲೊಕೇಶನ್ ನೋಡುವ ಬಗ್ಗೆ ಕೋರ್ಟ್ ಹೇಳಿದ್ದೇನು?

2025ರ ಜುಲೈ 14ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಿಚ್ಛೇದನದ ಕೇಸಿನಲ್ಲಿ ಗಂಡ ಅಥವಾ ಹೆಂಡತಿ ಕದ್ದು ರೆಕಾರ್ಡ್ ಮಾಡಿದ ಫೋನ್ ಮಾತುಕತೆಯನ್ನೂ ಸಾಕ್ಷಿಯಾಗಿ ನೋಡಬಹುದು ಎಂಬುದು ಅದರ ಸಾರ. ಅದೇ ತಿಂಗಳು ಛತ್ತೀಸ್‌ಗಢ ಹೈಕೋರ್ಟ್, ಮೊಬೈಲ್ ಪಾಸ್‌ವರ್ಡ್ ಕೊಡು ಎಂದು ಗಂಡ ಹೆಂಡತಿಯನ್ನು ಒತ್ತಾಯ ಮಾಡುವ ಹಾಗಿಲ್ಲ ಎಂದಿತು. ಆಗಸ್ಟ್ ಕೊನೆಗೆ ದೆಹಲಿ ಹೈಕೋರ್ಟ್ ಇನ್ನೊಂದು ಕೇಸಿನಲ್ಲಿ ಗಂಡನ ಟವರ್ ಲೊಕೇಶನ್ (ಫೋನ್ ಯಾವ ಮೊಬೈಲ್ ಟವರ್ ಹತ್ತಿರ ಇತ್ತು ಎಂಬ) ವಿವರ ಕೇಳಲು ಹೆಂಡತಿಗೆ ಅವಕಾಶ ಇದೆ ಎಂದಿತು. ನಮ್ಮ ಕರ್ನಾಟಕ ಹೈಕೋರ್ಟ್ 2022ರಲ್ಲೇ ಅಂಥದ್ದೇ ಒಂದು ಆದೇಶವನ್ನು ರದ್ದು ಮಾಡಿತ್ತು.

ಒಂದರ ಹಿಂದೆ ಒಂದು ಬಂದ ಈ ಸುದ್ದಿಗಳನ್ನು ಓದಿದವರಿಗೆ ತಲೆ ಕೆಡುವುದು ಸಹಜ. ನೋಡಬಹುದೋ, ನೋಡಬಾರದೋ? ದಾವಣಗೆರೆ, ಚಿತ್ರದುರ್ಗದಂಥ ಊರುಗಳಲ್ಲಿ ಈ ಪ್ರಶ್ನೆ ಕೋರ್ಟ್ ಮೆಟ್ಟಿಲು ಹತ್ತಿದವರಿಗೆ ಮಾತ್ರ ಸೇರಿದ್ದಲ್ಲ. ಹುಡುಗಿ ಇಲ್ಲಿನ ಕಾಲೇಜಿನಲ್ಲೋ ಕೆಲಸದಲ್ಲೋ ಇರುತ್ತಾಳೆ, ನಿಶ್ಚಯವಾದ ಹುಡುಗ ಬೆಂಗಳೂರಿನಲ್ಲಿ ಇರುತ್ತಾನೆ. ಗಂಡ ಹೆದ್ದಾರಿ 48ರಲ್ಲಿ ಲಾರಿ ಓಡಿಸುತ್ತಾನೆ, ಹೆಂಡತಿ ಮನೆಯಲ್ಲಿ ಇರುತ್ತಾಳೆ. 'ಎಲ್ಲಿದ್ದೀಯ?' ಅಂತ ಕೇಳುತ್ತಿದ್ದವರು ಈಗ 'ಲೈವ್ ಲೊಕೇಶನ್ ಹಾಕು' ಅನ್ನುತ್ತಾರೆ. ಹಾಗಾಗಿ ಕೋರ್ಟ್‌ಗಳು ನಿಜವಾಗಿ ಏನು ಹೇಳಿದವು ಅನ್ನುವುದನ್ನು ಬಿಡಿಸಿ ನೋಡಬೇಕು.

ಸುಪ್ರೀಂ ಕೋರ್ಟ್ ಮುಂದೆ ಇದ್ದ ಪ್ರಶ್ನೆ ಬಹಳ ಚಿಕ್ಕದು

ಮದುವೆಯಾದವರು ತಮ್ಮತಮ್ಮಲ್ಲಿ ಆಡಿದ ಮಾತನ್ನು ಕೋರ್ಟಿನಲ್ಲಿ ಹೊರಹಾಕುವಂತಿಲ್ಲ ಎಂಬ ನಿಯಮ ನಮ್ಮ ಸಾಕ್ಷ್ಯ ಕಾನೂನಿನಲ್ಲಿ ಹಿಂದಿನಿಂದಲೂ ಇದೆ. ಹಳೆಯ ಕಾಯ್ದೆಯಲ್ಲಿ ಅದು ಸೆಕ್ಷನ್ 122. ಆದರೆ ಅದೇ ಸೆಕ್ಷನ್ ಒಂದು ವಿನಾಯಿತಿಯನ್ನೂ ಕೊಡುತ್ತದೆ. ಗಂಡ ಹೆಂಡತಿಯೇ ಒಬ್ಬರ ಮೇಲೊಬ್ಬರು ಕೇಸ್ ಹಾಕಿಕೊಂಡಿದ್ದರೆ ಆ ತಡೆ ಇರುವುದಿಲ್ಲ. ಹಾಗಾದರೆ ಕದ್ದು ಮಾಡಿದ ರೆಕಾರ್ಡಿಂಗ್ ಈ ವಿನಾಯಿತಿಯೊಳಗೆ ಬರುತ್ತದಾ? ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2021ರಲ್ಲಿ, ಹಾಗೆ ಒಪ್ಪಿಕೊಂಡರೆ ಹೆಂಡತಿಯ ಖಾಸಗಿತನಕ್ಕೆ ಧಕ್ಕೆ ಎಂದಿತ್ತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಅವರಿದ್ದ ಪೀಠ ಆ ಆದೇಶವನ್ನು ತೆಗೆದುಹಾಕಿತು. ನ್ಯಾಯಯುತ ವಿಚಾರಣೆ ನಡೆಯಬೇಕಾದರೆ ತನ್ನ ಕೇಸಿಗೆ ಬೇಕಾದ ಸಾಕ್ಷಿಯನ್ನು ಮುಂದಿಡಲು ಪ್ರತಿಯೊಬ್ಬರಿಗೂ ಅವಕಾಶ ಇರಬೇಕು ಎಂಬುದು ಪೀಠದ ತರ್ಕ.

ಇಷ್ಟೇ. ರೆಕಾರ್ಡ್ ಮಾಡುವುದು ಸರಿ ಎಂದು ಕೋರ್ಟ್ ಹೇಳಲಿಲ್ಲ. ಹೀಗೆ ಸಾಕ್ಷಿ ಒಪ್ಪಿಕೊಂಡರೆ ಮನೆಗಳಲ್ಲಿ ಬೇಹುಗಾರಿಕೆ ಜಾಸ್ತಿ ಆಗುತ್ತದೆ ಎಂಬ ವಾದವೂ ಅಲ್ಲಿ ಬಂದಿತ್ತು. ಕೋರ್ಟ್ ಅದನ್ನು ಒಪ್ಪಲಿಲ್ಲ, ಆದರೆ ಅದು ಕೊಟ್ಟ ಉತ್ತರ ಗಮನಿಸಬೇಕಾದ್ದು: ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಕಣ್ಣಿಡುವ ಹಂತಕ್ಕೆ ಬಂದಿದ್ದಾರೆ ಅಂದರೆ, ಆ ಸಂಬಂಧ ಆಗಲೇ ಮುರಿದಿದೆ, ನಂಬಿಕೆ ಉಳಿದಿಲ್ಲ ಅನ್ನುವುದಕ್ಕೆ ಅದೇ ಗುರುತು. ಇದನ್ನು 'ಕಣ್ಣಿಡಲು ಪರವಾನಗಿ' ಎಂದು ಓದಿದವರು ತೀರ್ಪನ್ನು ತಲೆಕೆಳಗು ಮಾಡಿ ಓದಿದ್ದಾರೆ.

ಸಾಕ್ಷಿಯನ್ನು ಕೋರ್ಟ್ ನೋಡುವುದು ಬೇರೆ, ಆ ಸಾಕ್ಷಿ ತಂದ ದಾರಿ ಕಾನೂನಿಗೆ ಸರಿಯಾಗಿತ್ತಾ ಅನ್ನುವುದು ಬೇರೆ. ನಮ್ಮ ದೇಶದ ಕೋರ್ಟ್‌ಗಳು ಹಲವು ದಶಕಗಳಿಂದ ಇವೆರಡನ್ನೂ ಬೇರೆಯಾಗಿಯೇ ಇಟ್ಟಿವೆ. ಸಾಕ್ಷಿ ಕೇಸಿಗೆ ಸಂಬಂಧಪಟ್ಟಿದೆಯಾ, ಅದನ್ನು ತಿದ್ದಿಲ್ಲ ತಾನೇ ಎಂದು ಮೊದಲು ನೋಡುತ್ತವೆ. ಅದನ್ನು ಹೇಗೆ ತಂದರು ಎಂಬುದಕ್ಕೆ ಬೇರೆ ಕೇಸ್ ನಡೆಯಬಹುದು. ಅಂದರೆ ಒಬ್ಬ ಗಂಡ ಹೆಂಡತಿಯ ಫೋನಿಗೆ ಗುಟ್ಟಾಗಿ ಆ್ಯಪ್ ಹಾಕಿ ಸಿಕ್ಕ ಮಾಹಿತಿಯನ್ನು ಕೌಟುಂಬಿಕ ನ್ಯಾಯಾಲಯಕ್ಕೆ ಕೊಟ್ಟರೆ, ಅಲ್ಲಿ ಅದು ಸಾಕ್ಷಿಯಾಗಿ ಉಳಿಯಬಹುದು. ಅದೇ ಹೊತ್ತಿಗೆ ಆ ಆ್ಯಪ್ ಹಾಕಿದ್ದಕ್ಕೆ ಅವನ ಮೇಲೆಯೇ ದೂರು ದಾಖಲಾಗಬಹುದು. ತನ್ನ ಕೈಯಾರೆ ತಾನೇ ಕೊಟ್ಟ ಸಾಕ್ಷಿ ಅದು.

ಹೈಕೋರ್ಟ್‌ಗಳು ಯಾಕೆ ಬೇರೆ ಬೇರೆ ಹೇಳಿದವು?

ಕರ್ನಾಟಕದ ಕೇಸಿನಲ್ಲಿ ಜಗಳ ಗಂಡ ಹೆಂಡತಿಯದು. ಆದರೆ ಟವರ್ ಲೊಕೇಶನ್ ಕೇಳಿದ್ದು ಆ ಕೇಸಿನಲ್ಲಿ ಪಕ್ಷಗಾರನೇ ಅಲ್ಲದ ಮೂರನೆಯ ವ್ಯಕ್ತಿಯದ್ದು. ಸಂಶಯ ಇದೆ ಎಂಬ ಕಾರಣಕ್ಕೆ ಹೊರಗಿನವನ ಓಡಾಟದ ವಿವರ ತರಿಸುವುದು ಅವನ ಖಾಸಗಿತನದ ಹಕ್ಕನ್ನು ಮುರಿದಂತೆ ಎಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆದೇಶ ಮಾಡಿದರು. ದೆಹಲಿಯ ಕೇಸಿನಲ್ಲಿ ಗಂಡನೂ ಇದ್ದ, ಆತನೊಂದಿಗೆ ಸಂಬಂಧ ಇದೆ ಎಂದು ಹೆಂಡತಿ ದೂರಿದ ಮಹಿಳೆಯೂ ಇದ್ದರು. ವ್ಯಭಿಚಾರ 2018ರಿಂದ ಅಪರಾಧ ಅಲ್ಲ, ಆದರೆ ವಿಚ್ಛೇದನಕ್ಕೆ ಈಗಲೂ ಕಾರಣ. ಅದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಸಿಗುವುದು ಅಪರೂಪ, ಆದ್ದರಿಂದ ಇಬ್ಬರ ಕರೆ ಮತ್ತು ಟವರ್ ವಿವರ ಕೇಸಿಗೆ ನೆರವಾಗುತ್ತದೆ ಎಂದು ಆ ಕೋರ್ಟ್ ಭಾವಿಸಿತು. ಆ ದಾಖಲೆ ಗುಟ್ಟಾಗಿಯೇ ಇರಬೇಕು ಎಂದೂ ಹೇಳಿತು.

ಇವೆರಡರ ನಡುವೆ ನಿಜವಾದ ಭಿನ್ನಾಭಿಪ್ರಾಯ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಮೂರನೆಯವರ ವಿವರ ಎಷ್ಟು ದೂರ ತೆರೆಯಬಹುದು ಎಂಬ ಪ್ರಶ್ನೆ ಮುಂದೆಯೂ ಬರುತ್ತದೆ. ಆದರೆ ಒಂದು ವಿಷಯದಲ್ಲಿ ಇವು ಒಂದೇ: ಎರಡರಲ್ಲೂ ಮಾಹಿತಿ ಕೇಳಿದ್ದು ನ್ಯಾಯಾಧೀಶರ ಮೂಲಕ, ಕೊಡಬೇಕಾದ್ದು ಮೊಬೈಲ್ ಕಂಪನಿ. ಅದಕ್ಕೆ ಯಾರ ಫೋನನ್ನೂ ಕದ್ದು ನೋಡಬೇಕಿರಲಿಲ್ಲ. ಕರೆ ದಾಖಲೆಗಳನ್ನು ಕಂಪನಿಗಳು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕು ಎಂದು 2021ರ ಡಿಸೆಂಬರ್‌ನಲ್ಲೇ ನಿಯಮ ಬದಲಾಗಿದೆ. ನಿಜವಾಗಿ ಬೇಕಾದವರಿಗೆ ಕಾನೂನಿನ ದಾರಿ ಇದೆ ಅಂತಾಯಿತು.

ಇಲ್ಲಿ ಇನ್ನೊಂದು ತೀರ್ಪನ್ನೂ ನೆನೆಯಬೇಕು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಜಾಮೀನು ಪಡೆದ ಆರೋಪಿ ತನ್ನ ಗೂಗಲ್ ಮ್ಯಾಪ್ಸ್ ಲೊಕೇಶನ್ ಅನ್ನು ತನಿಖಾಧಿಕಾರಿಗೆ ಕೊಡಬೇಕು ಎಂಬ ಷರತ್ತನ್ನು ತೆಗೆದುಹಾಕಿತು. ಆರೋಪಿಯ ಪ್ರತಿಯೊಂದು ಓಡಾಟವನ್ನೂ ಪೊಲೀಸರು ಸದಾ ನೋಡುತ್ತಿರುವಂತೆ ಮಾಡುವುದು ಖಾಸಗಿತನದ ಹಕ್ಕಿಗೆ ವಿರುದ್ಧ ಎಂದಿತು. ಅದು ಸರ್ಕಾರ ಮತ್ತು ಪ್ರಜೆಯ ನಡುವಿನ ಮಾತು, ಪ್ರೇಮಿಗಳಿಗೆ ನೇರವಾಗಿ ಅನ್ವಯ ಆಗುವುದಿಲ್ಲ. ಆದರೂ ಯೋಚನೆ ಮಾಡಿ. ಮಾದಕ ವಸ್ತು ಕೇಸಿನ ಆರೋಪಿಗೂ ಹಾಕಬಾರದ ಷರತ್ತನ್ನು ಪ್ರೀತಿಸಿದವರ ಮೇಲೆ ಹಾಕುತ್ತೇವೆ, ಅಲ್ವಾ?

ಮ್ಯಾಪಿನ ಚುಕ್ಕಿಗೆ ಗೊತ್ತಿರುವುದು ಎಷ್ಟು?

ಫೋನ್ ತನ್ನ ಜಾಗವನ್ನು ಮೂರು ರೀತಿಯಲ್ಲಿ ತಿಳಿಯುತ್ತದೆ. ಉಪಗ್ರಹದ ಜಿಪಿಎಸ್, ಸುತ್ತಲಿನ ವೈಫೈ, ಮೊಬೈಲ್ ಟವರ್. ಬಯಲಿನಲ್ಲಿ ಜಿಪಿಎಸ್ ಕೆಲವೇ ಮೀಟರ್ ಹತ್ತಿರಕ್ಕೆ ಬರುತ್ತದೆ. ಕಟ್ಟಡದ ಒಳಗೆ, ಒತ್ತಾದ ಬೀದಿಗಳಲ್ಲಿ ತಪ್ಪು ಜಾಸ್ತಿ. ಟವರ್ ಒಂದನ್ನೇ ನಂಬಿದರೆ ಪೇಟೆಯಲ್ಲಿ ಕೆಲವು ನೂರು ಮೀಟರ್ ವ್ಯತ್ಯಾಸ ಬರುತ್ತದೆ. ಟವರ್‌ಗಳು ದೂರ ದೂರ ಇರುವ ಮೊಳಕಾಲ್ಮೂರು, ಜಗಳೂರು ಕಡೆಯ ಹಳ್ಳಿಗಳಲ್ಲಿ ಅದು ಕಿಲೋಮೀಟರ್‌ಗಳಿಗೂ ಹೋಗಬಹುದು. ನೆಟ್‌ವರ್ಕ್ ಕೈಕೊಟ್ಟರೆ ಚುಕ್ಕಿ ಕೊನೆಗೆ ಸಿಕ್ಕ ಜಾಗದಲ್ಲೇ ನಿಂತುಬಿಡುತ್ತದೆ. ನೋಡುವವರಿಗೆ ಮಾತ್ರ ಆಕೆ ಅರ್ಧ ಗಂಟೆಯಿಂದ ಅಲ್ಲೇ ನಿಂತ ಹಾಗೆ ಕಾಣುತ್ತದೆ.

ಒಂದು ಸಂಜೆ ತೆಗೆದುಕೊಳ್ಳೋಣ. ದಾವಣಗೆರೆಯಲ್ಲಿ ಕೆಲಸ ಮಾಡುವ ಹುಡುಗಿ, ಬೆಂಗಳೂರಿನಲ್ಲಿ ಆಕೆಗೆ ನಿಶ್ಚಯವಾದ ಹುಡುಗ. ಲೊಕೇಶನ್ ಸದಾ ಆನ್. ಕೆಲಸ ಮುಗಿಸಿ ಗೆಳತಿಯರ ಜೊತೆ ಪಿ.ಬಿ. ರಸ್ತೆಯ ಒಂದು ಹೋಟೆಲಿಗೆ ಹೋದಳು ಅಂದುಕೊಳ್ಳಿ. ಕೆಳಗೆ ಬೆಣ್ಣೆ ದೋಸೆ, ಮೇಲಿನ ಮಹಡಿಯಲ್ಲಿ ಲಾಡ್ಜ್. ಚುಕ್ಕಿಗೆ ಮಹಡಿ ಗೊತ್ತಾಗುವುದಿಲ್ಲ. ಹುಡುಗ ಮ್ಯಾಪ್ ದೊಡ್ಡದು ಮಾಡಿ ನೋಡಿದರೆ ಕಾಣುವುದು ಲಾಡ್ಜಿನ ಹೆಸರು. ಫೋನ್ ಮಾಡುತ್ತಾನೆ. ಆಕೆಗೆ ಗದ್ದಲದಲ್ಲಿ ಕೇಳಿಸುವುದಿಲ್ಲ. ಗೂಗಲ್ ಮ್ಯಾಪ್ಸ್ ಬ್ಯಾಟರಿ ಎಷ್ಟಿದೆ ಎಂದೂ ತೋರಿಸುತ್ತದೆ, ಹಾಗಾಗಿ 'ಚಾರ್ಜ್ ಇರಲಿಲ್ಲ' ಎಂದು ಆತ ಸಮಾಧಾನ ಮಾಡಿಕೊಳ್ಳುವಂತೆಯೂ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಆರು ಮಿಸ್ಡ್ ಕಾಲ್.

ಆಕೆ ವಿವರಣೆ ಕೊಡುತ್ತಾಳೆ, ಆತ ಒಪ್ಪುತ್ತಾನೆ. ಜಗಳ ಅಲ್ಲಿಗೆ ಮುಗಿದರೂ ಪರಿಣಾಮ ಮುಗಿಯುವುದಿಲ್ಲ. ಮುಂದಿನ ಸಲ ಆಕೆ ಹೊರಡುವ ಮೊದಲೇ ಎಲ್ಲಿಗೆ, ಯಾರ ಜೊತೆ ಎಂದು ಮೆಸೇಜ್ ಹಾಕುತ್ತಾಳೆ. ಆಮೇಲೆ ಒಂದು ಫೋಟೋನೂ ಹಾಕುತ್ತಾಳೆ. ಕೆಲವು ವಾರ ಕಳೆದ ಮೇಲೆ, ಇಷ್ಟೆಲ್ಲ ಯಾರಿಗೆ ಬೇಕು ಅನ್ನಿಸಿ ಗೆಳತಿಯರು ಕರೆದಾಗ 'ಬರಲ್ಲ ಕಣೆ' ಅನ್ನುತ್ತಾಳೆ. ಯಾರೂ ಬೇಡ ಎಂದಿಲ್ಲ. ಆದರೂ ಆಕೆಯ ಓಡಾಟ ಕೆಲಸಕ್ಕೆ ಮತ್ತು ಪಿಜಿಗೆ ಇಳಿದಿದೆ. ತಪ್ಪು ಮಾಡಿ ಅಲ್ಲ, ತಪ್ಪು ತಿಳಿದಾರು ಎಂಬ ಅಂಜಿಕೆಯಿಂದ.

ಹುಡುಗನಿಗಾದರೂ ನೆಮ್ಮದಿ ಸಿಕ್ಕಿತಾ? ಅದೂ ಇಲ್ಲ. ಚುಕ್ಕಿ ಎಲ್ಲಿದೆ ಎಂದು ಹೇಳುತ್ತದೆ. ಆಕೆ ಯಾರ ಜೊತೆ ಇದ್ದಾಳೆ, ಏನು ಮಾತಾಡುತ್ತಿದ್ದಾಳೆ, ಮನಸ್ಸಿನಲ್ಲಿ ಏನಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಸಂಶಯ ಕೇಳುವುದು ಇದೇ ಕೊನೆಯ ಪ್ರಶ್ನೆಗಳನ್ನು. ಉತ್ತರ ಸಿಗದಿದ್ದಾಗ ಇನ್ನಷ್ಟು ಸಲ ನೋಡುತ್ತೇವೆ. ಉಪ್ಪು ನೀರು ಕುಡಿದ ಹಾಗೆ, ಕುಡಿದಷ್ಟೂ ದಾಹ. ನಿಜವಾಗಿ ಮೋಸ ಮಾಡಬೇಕು ಅಂದುಕೊಂಡವರಿಗಂತೂ ಇದು ಅಡ್ಡಿಯೇ ಅಲ್ಲ. ಫೋನನ್ನು ಆಫೀಸಿನ ಡ್ರಾಯರ್‌ನಲ್ಲಿ ಬಿಟ್ಟು ಹೋದರೆ ಆಯಿತು, ಇನ್ನೊಂದು ಹ್ಯಾಂಡ್‌ಸೆಟ್ ಇಟ್ಟುಕೊಂಡರೆ ಆಯಿತು. ಕೊನೆಗೆ ಪೂರ್ತಿ ನಿಗಾಕ್ಕೆ ಸಿಕ್ಕಿಬೀಳುವುದು ಪ್ರಾಮಾಣಿಕರಾಗಿ ಇರುವವರು ಮಾತ್ರ.

ಬೇಕು ಅನ್ನುವವರ ಮಾತಿನಲ್ಲೂ ಸತ್ಯ ಇದೆ

ರಾತ್ರಿ ಹನ್ನೊಂದಕ್ಕೆ ಬಸ್ ಇಳಿದು ಆಟೋ ಹಿಡಿಯುವ ಹೆಣ್ಣುಮಗಳಿಗೆ ಲೈವ್ ಲೊಕೇಶನ್ ದೊಡ್ಡ ಧೈರ್ಯ. ಲಾರಿ ಹಿರಿಯೂರು ದಾಟಿತಾ ಎಂದು ನೋಡಿ ಮಲಗುವ ಹೆಂಡತಿಗೆ, ಓಡಿಸುತ್ತಿರುವ ಗಂಡನಿಗೆ ಪದೇ ಪದೇ ಫೋನ್ ಮಾಡುವ ಕೆಲಸ ತಪ್ಪುತ್ತದೆ, ಅದು ರಸ್ತೆಯ ಮೇಲೂ ಒಳ್ಳೆಯದು. ಇಂಥ ಬಳಕೆಯನ್ನು ಅನುಮಾನದಿಂದ ನೋಡುವುದು ತಪ್ಪು. ಇಬ್ಬರೂ ಒಪ್ಪಿ, ಇಬ್ಬರದ್ದೂ ಆನ್ ಇಟ್ಟುಕೊಂಡು, ದಿನಗಟ್ಟಲೆ ನೋಡದೇ ಇರುವ ಜೋಡಿಗಳೂ ಇವೆ.

'ಮುಚ್ಚಿಡೋದು ಏನಿಲ್ಲ ಅಂದ್ರೆ ತೋರಿಸೋಕೆ ಏನು ಕಷ್ಟ?' ಎಂಬುದು ಇನ್ನೊಂದು ವಾದ. ಇದನ್ನು ಒಪ್ಪುವುದು ಕಷ್ಟ. ಮುಚ್ಚಿಡುವುದಕ್ಕೂ ತನಗೆ ಅಂತ ಒಂದಿಷ್ಟು ಇಟ್ಟುಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಗೆಳತಿಯ ಮನೆಯ ಕಷ್ಟ ಕೇಳಲು ಹೋದದ್ದು, ವೈದ್ಯರನ್ನು ನೋಡಲು ಹೋದದ್ದು, ತವರಿಗೆ ಒಂದಿಷ್ಟು ಹಣ ಕೊಡಲು ಹೋದದ್ದು, ಇವು ಯಾವುವೂ ಮೋಸ ಅಲ್ಲ. ಆದರೂ ಪ್ರತಿಯೊಂದನ್ನೂ ವಿವರಿಸುತ್ತಾ ಬದುಕುವುದು ಯಾರಿಗೂ ಸಾಧ್ಯ ಇಲ್ಲ. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಕೇಸ್ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತಾಳಿ ಕಟ್ಟಿದ ಕೂಡಲೇ ಆ ಹಕ್ಕು ಹೋಗುವುದಿಲ್ಲ ಎಂಬುದನ್ನೇ ಛತ್ತೀಸ್‌ಗಢದ ತೀರ್ಪು ಹೇಳಿದ್ದು.

ನಮ್ಮ ಕಡೆಯ ಮಟ್ಟಿಗೆ ಇನ್ನೊಂದನ್ನು ನೇರವಾಗಿ ಹೇಳಬೇಕು. ಲೊಕೇಶನ್ ಬಹಳ ಸಲ ಒಂದೇ ಕಡೆಗೆ ಹರಿಯುತ್ತದೆ. ಆಕೆಯದು ಆನ್, ಆತನದು ಆಫ್. ಸುರಕ್ಷತೆ ಎಂಬ ಹೆಸರು ಇದ್ದರೂ, ಕೇಳುವ ಹಕ್ಕು ಒಬ್ಬರಿಗೇ ಇದ್ದರೆ ಅದು ಕಾವಲು.

ಆಫ್ ಮಾಡಿದ ದಿನ ಏನಾಗುತ್ತದೆ?

ಕಾಳಜಿಯನ್ನೂ ಕಾವಲನ್ನೂ ಬೇರೆ ಮಾಡಲು ನನಗೆ ಕಾಣುವ ಅತ್ಯಂತ ಸರಳ ಪರೀಕ್ಷೆ ಇದು. ಒಪ್ಪಿಗೆ ಕೊಟ್ಟವರು ಅದನ್ನು ವಾಪಸ್ ತೆಗೆದುಕೊಳ್ಳಲು ಆಗಬೇಕು. ಒಂದು ದಿನ ಸುಮ್ನೆ ಆಫ್ ಮಾಡಿದರೆ 'ಯಾಕೆ ಆಫ್ ಮಾಡಿದೆ?' ಎಂಬ ಜಗಳ ಬರುತ್ತದೆ ಎಂದಾದರೆ, ಆನ್ ಇದ್ದ ದಿನಗಳಲ್ಲೂ ಅದು ಮನಸಾರೆ ಕೊಟ್ಟ ಒಪ್ಪಿಗೆ ಆಗಿರಲಿಲ್ಲ.

ಆ್ಯಪ್‌ಗಳ ವ್ಯವಸ್ಥೆಯೂ ಇಲ್ಲಿ ಮುಖ್ಯ ಆಗುತ್ತದೆ. ವಾಟ್ಸಾಪ್ ಲೈವ್ ಲೊಕೇಶನ್‌ಗೆ 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಮಿತಿ ಇದೆ. ಹೊತ್ತು ಮುಗಿದರೆ ತಾನಾಗಿ ನಿಲ್ಲುತ್ತದೆ, ಮತ್ತೆ ಬೇಕಾದರೆ ಮತ್ತೆ ಕೇಳಬೇಕು. ಗೂಗಲ್ ಮ್ಯಾಪ್ಸ್‌ನಲ್ಲಿ 'ನಾನು ನಿಲ್ಲಿಸುವವರೆಗೂ' ಎಂಬ ಆಯ್ಕೆ ಇದೆ. ಅದನ್ನು ಒತ್ತಿದವರು ಎಷ್ಟೋ ಸಲ ಮರೆತೇ ಬಿಡುತ್ತಾರೆ. ಮನಸ್ತಾಪ ಬಂದು ನಿಶ್ಚಿತಾರ್ಥ ಮುರಿದರೂ ಹುಡುಗಿಯ ಓಡಾಟ ಆ ಕಡೆಯವರ ಫೋನಿನಲ್ಲಿ ಕಾಣುತ್ತಲೇ ಇರುತ್ತದೆ. ಸಂಬಂಧ ಮುರಿದ ಹೊತ್ತೇ ಸಿಟ್ಟು ಹೆಚ್ಚಿರುವ ಹೊತ್ತು, ಹಾಗಾಗಿ ಅಪಾಯವೂ ಆಗಲೇ ಹೆಚ್ಚು. ಪ್ರಯಾಣಕ್ಕೆ ಹೊತ್ತು ಕಟ್ಟಿ ಲೊಕೇಶನ್ ಕೊಡುವುದು ಈ ಕಾರಣಕ್ಕೇ ಒಳ್ಳೆಯದು.

ಗುಟ್ಟಾಗಿ ನೋಡಿದರೆ ಕಾನೂನು ಏನು ಮಾಡುತ್ತದೆ?

ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 78 ಬೆನ್ನುಬೀಳುವುದನ್ನು ಅಪರಾಧ ಎನ್ನುತ್ತದೆ. ಒಬ್ಬ ಗಂಡಸು ಮಹಿಳೆಯ ಇಂಟರ್‌ನೆಟ್, ಇಮೇಲ್ ಅಥವಾ ಬೇರೆ ಎಲೆಕ್ಟ್ರಾನಿಕ್ ಸಂಪರ್ಕದ ಮೇಲೆ ಕಣ್ಣಿಡುವುದೂ ಅದರೊಳಗೆ ಬರುತ್ತದೆ. ಮೊದಲ ಸಲ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು. ಲೊಕೇಶನ್ ಎಂಬ ಮಾತು ಆ ಸೆಕ್ಷನ್‌ನಲ್ಲಿ ಇಲ್ಲ, ಹಾಗಾಗಿ ಬರೀ ಲೊಕೇಶನ್ ನೋಡಿದ ಕೇಸುಗಳಲ್ಲಿ ವಕೀಲರು ವಾದ ಮಾಡಲು ಜಾಗ ಇದೆ. ಗಂಡಸಿನ ಮೇಲೆ ಹೆಂಗಸು ಕಣ್ಣಿಟ್ಟರೆ ಈ ಸೆಕ್ಷನ್ ಕೆಲಸಕ್ಕೆ ಬರುವುದಿಲ್ಲ, ಅದೊಂದು ಕೊರತೆ. ಆಗ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳನ್ನು ನೋಡಬೇಕು. ಅನುಮತಿ ಇಲ್ಲದೆ, ದುರುದ್ದೇಶದಿಂದ ಇನ್ನೊಬ್ಬರ ಫೋನಿನೊಳಗೆ ನುಗ್ಗಿದರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಆಗಬಹುದು. ಇದು ಗಂಡು ಹೆಣ್ಣು ಇಬ್ಬರಿಗೂ ಅನ್ವಯ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನೆರವಿಗೆ ಬರಬಹುದು ಎಂದು ನಂಬಿದವರಿಗೆ ನಿರಾಶೆ ಕಾದಿದೆ. ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಆ ಕಾಯ್ದೆ ಅನ್ವಯ ಆಗುವುದಿಲ್ಲ. ಅದು ಕಂಪನಿಗಳಿಗೆ ಹಾಕಿದ ಬೇಲಿ, ಸಂಗಾತಿಗೆ ಹಾಕಿದ್ದಲ್ಲ.

ಗುಟ್ಟಿನ ನಿಗಾ ಶುರುವಾಗುವ ರೀತಿ ಹೆಚ್ಚಿನ ಸಲ ಬಹಳ ಸಾದಾ. ಆತನೇ ಹೊಸ ಫೋನ್ ಕೊಡಿಸುತ್ತಾನೆ, ಜಿಮೇಲ್ ಖಾತೆ ತಾನೇ ಮಾಡಿಕೊಡುತ್ತಾನೆ, ಪಾಸ್‌ವರ್ಡ್ ತನ್ನ ಬಳಿ ಇಟ್ಟುಕೊಳ್ಳುತ್ತಾನೆ. ಅಷ್ಟಾದರೆ ಬೇರೆ ಆ್ಯಪ್ ಹಾಕುವ ಅಗತ್ಯವೇ ಇಲ್ಲ, ಆ ಖಾತೆಗೆ ಲಾಗಿನ್ ಆಗಿ ಫೋನ್ ಎಲ್ಲಿದೆ ಎಂದು ನೋಡಬಹುದು. ಬೇಹು ಆ್ಯಪ್‌ಗಳನ್ನು ಹಾಕಲು ಫೋನ್ ಕೆಲವು ನಿಮಿಷ ಕೈಗೆ ಸಿಕ್ಕರೆ ಸಾಕು. ಅವನ್ನು ಪ್ಲೇ ಸ್ಟೋರ್ ಹೊರಗಿನಿಂದ ತಂದು ಹಾಕುತ್ತಾರೆ, ನೋಡಿದರೆ ಸಿಸ್ಟಂ ಆ್ಯಪ್ ಥರ ಕಾಣುವ ಹೆಸರು ಇರುತ್ತದೆ. ಬ್ಯಾಟರಿ, ಡೇಟಾ ಕಾರಣ ಇಲ್ಲದೆ ಖಾಲಿಯಾಗುವುದು, ಅಪಾಯದ ಆ್ಯಪ್‌ಗಳನ್ನು ಹಿಡಿಯುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ತಾನಾಗಿ ಆಫ್ ಆಗಿರುವುದು, ಹೇಳದೇ ಇದ್ದದ್ದು ಆ ಕಡೆಯವರಿಗೆ ಗೊತ್ತಿರುವುದು, ಇವು ಗಮನಿಸಬೇಕಾದ ಗುರುತುಗಳು.

ಇನ್ನು ಮುಂದೆ

ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕೌಟುಂಬಿಕ ನ್ಯಾಯಾಲಯಗಳಿಗೆ ಲೊಕೇಶನ್ ಸ್ಕ್ರೀನ್‌ಶಾಟ್‌ಗಳು ಜಾಸ್ತಿ ಬರುವುದು ಖಚಿತ. ತಂದದ್ದೆಲ್ಲ ನಿಲ್ಲುತ್ತದೆ ಅಂತೇನಿಲ್ಲ. ಎಲೆಕ್ಟ್ರಾನಿಕ್ ಸಾಕ್ಷಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಕಾರ ಪ್ರಮಾಣಪತ್ರ ಕೊಡುವ ಪದ್ಧತಿ ಇದೆ. ಕೌಟುಂಬಿಕ ನ್ಯಾಯಾಲಯಗಳು ಸಾಕ್ಷ್ಯದ ವಿಷಯದಲ್ಲಿ ಸ್ವಲ್ಪ ಸಡಿಲ ಇರಬಹುದು, 1984ರ ಕಾಯ್ದೆಯೇ ಅವಕ್ಕೆ ಆ ಅವಕಾಶ ಕೊಟ್ಟಿದೆ. ಆದರೂ ಲಾಡ್ಜಿನ ಮೇಲೆ ಕೂತ ಒಂದು ಚುಕ್ಕಿ ಕೆಳಗಿನ ಹೋಟೆಲಿನದ್ದಲ್ಲ ಎಂದು ತೋರಿಸುವ ಹೊಣೆ ಆರೋಪ ಮಾಡಿದವರದ್ದು. ಇನ್ನು ಮದುವೆಯಾಗದ ಪ್ರೇಮಿಗಳಿಗೆ ಈ ತೀರ್ಪು ಸಂಬಂಧವೇ ಪಡುವುದಿಲ್ಲ. ಅವರ ನಡುವೆ ವಿಚ್ಛೇದನವೂ ಇಲ್ಲ, ಸೆಕ್ಷನ್ 122ರ ಮಾತೂ ಇಲ್ಲ. ಅಲ್ಲಿ ಕದ್ದು ನೋಡಿದ್ದಕ್ಕೆ ಉಳಿಯುವುದು ಅಪರಾಧದ ಸೆಕ್ಷನ್‌ಗಳು ಮಾತ್ರ.

ತನ್ನ ಮೇಲೆ ಯಾರೋ ಕಣ್ಣಿಟ್ಟಿದ್ದಾರೆ ಅನ್ನಿಸಿದವರು ಕೂಡಲೇ ಆ್ಯಪ್ ಅಳಿಸಲು ಹೋಗಬಾರದು. ಅಳಿಸಿದರೆ ಸಾಕ್ಷಿ ಹೋಗುತ್ತದೆ. ಹೊಡೆಯುವ, ಬೆದರಿಸುವ ಸಂಗಾತಿ ಇದ್ದರೆ ಆತನಿಗೆ ಸುಳಿವೂ ಸಿಗುತ್ತದೆ. ಬೇರೆಯವರ ಫೋನಿನಿಂದ ಸೈಬರ್ ಅಪರಾಧ ಸಹಾಯವಾಣಿ 1930 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬಹುದು, ಜೀವಕ್ಕೆ ಅಪಾಯ ಇದ್ದರೆ 112. ಜಿಲ್ಲೆಯ ಸೈಬರ್ ಅಪರಾಧ (ಸಿಇಎನ್) ಠಾಣೆಯಲ್ಲಿ ದೂರು ಕೊಡಬಹುದು, ಹಿಂಸೆಗೆ ಒಳಗಾದ ಮಹಿಳೆಯರಿಗೆ ನೆರವು ಕೊಡುವ ಸಖಿ ಕೇಂದ್ರಕ್ಕೂ ಹೋಗಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಹಿಂದೆ ಸರಿಯಬೇಕಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ, ಗಂಡಸರಿಗೆ ಸಾಮಾನ್ಯವಾಗಿ ಆದಾಯದ ಮಿತಿಯೊಳಗೆ ಸಿಗುತ್ತದೆ.